ಮೂರು ಸಲ ಬೇಡ ಅನ್ನುವ ಕೆಂಪಣ್ಣ

ಹಾರಿದ್ದು ಸುಳ್ಳು ಅಂತೀರಾ? ಹಾಗಾದರೆ ಅವನ ಎಡಗಾಲಿನ ಚಪ್ಪಲಿ ಪಕ್ಕದ ಕಟ್ಟಡದ ತಾರಸಿ ಮೇಲೆ ಸಿಕ್ಕಿದ್ದು ಹೇಗೆ, ನೀವೇ ಹೇಳಿ. ಕಾಗೆ ಒಯ್ದಿತೇ? ಪೂರ್ತಿ ಆಕಾಶಕ್ಕೆ ಹೋದ ಅಂತ ನಾನೂ ಹೇಳುತ್ತಿಲ್ಲ ಮಾರಾಯ್ರೆ. ಒಂದಾಳೆತ್ತರ. ಇಬ್ಬರು ಕಾಲು ಹಿಡಿದು ಕೆಳಗೆ ಎಳೆದರು. ಸರಿ, ನಿಮ್ಮ ಸಮಾಧಾನಕ್ಕೆ ಅರ್ಧಾಳು ಅಂತಲೇ ಇಟ್ಟುಕೊಳ್ಳೋಣ. ಅದಕ್ಕಿಂತ ಕೆಳಗೆ ಇಳಿಸಲು ನನಗೆ ಮನಸ್ಸಿಲ್ಲ.

ಕೆಂಪಣ್ಣ ಆಗ ತಿರುವನಂತಪುರದ ಹವಾಮಾನ ಕಚೇರಿಗೆ ಹೊಸದಾಗಿ ಬಂದವನು. ಮೇಲಿನ ಗಾಳಿ ಅಳೆಯಲು ದೊಡ್ಡ ಬಲೂನ್ ಬಿಡುತ್ತಾರಲ್ಲ, ಆ ವಿಭಾಗ. ಬಲೂನು ಅವನನ್ನು ಎತ್ತಿತು ಅಂದರೆ ಅದರಲ್ಲಿ ಬಲೂನಿನ ತಪ್ಪು ಏನೂ ಇಲ್ಲ. ಹುಡುಗ ಅಷ್ಟು ಇಳಿದು ಹೋಗಿದ್ದ. ಯಾಕೆ ಇಳಿದ? ಒಂದೇ ಒಂದು ಮಾತಿನಿಂದ. ಬೇಡ.

ಅವನದು ಮದ್ದೂರಿನ ಕಡೆಯ ಒಂದು ಹಳ್ಳಿ. ಯಾರ ಮನೆಗೆ ಹೋದರೂ, ಏನು ಕೊಟ್ಟರೂ, ಮೊದಲು ಬೇಡ ಅನ್ನಬೇಕು ಅಂತ ಅವನ ಅವ್ವ ಕಲಿಸಿದ್ದಳು. ಕೊಡುವವರು ಮತ್ತೆ ಕೇಳುತ್ತಾರೆ. ಆಗಲೂ ಬೇಡ. ಮೂರನೇ ಸಲ ಅವರು ಗದರಿಸಿ, ತಟ್ಟೆಗೇ ಹಾಕಿಬಿಡಬೇಕು. ಆಗ ‘ಅಯ್ಯೋ ಸಾಕು ಸಾಕು’ ಎನ್ನುತ್ತ ಹೊಟ್ಟೆ ತುಂಬ ತಿನ್ನಬೇಕು. ಮೊದಲ ಸಲಕ್ಕೇ ಹೂಂ ಅಂದವನು ಅಲ್ಲಿ ಹೊಟ್ಟೆಬಾಕ. ಉಪಚಾರ ಅಂದರೆ ಅದು. ನಮ್ಮ ಕಾಸರಗೋಡಿನ ಕಡೆಯೂ ಸ್ವಲ್ಪ ಹಾಗೆಯೇ, ಆದರೆ ನಾವು ಎರಡನೆಯದಕ್ಕೇ ಸೋಲುತ್ತೇವೆ.

ಕೇರಳದವರಿಗೆ ಕೊಡಲು ಕೈ ಸಣ್ಣದಲ್ಲ. ಆದರೆ ಅವರಿಗೆ ‘ವೇಂಡ’ ಅಂದರೆ ಬೇಡ, ಅಷ್ಟೇ, ಮಾತು ಮುಗಿಯಿತು. ಅವನು ಬಾಡಿಗೆಗಿದ್ದ ಮನೆಯೊಡತಿ ಅಕ್ಕಿಹಿಟ್ಟಿನ ಬಿಸಿ ಪುಟ್ಟು ತಂದು ‘ವೇಣೋ?’ ಎಂದು ಕೇಳಿದಳು, ಬೇಕಾ ಅಂತ. ಕೆಂಪಣ್ಣ ‘ವೇಂಡ’ ಎಂದ. ಪುಟ್ಟು ಬಂದ ದಾರಿಯಲ್ಲೇ ವಾಪಸ್ಸು ಹೋಯಿತು. ಪಾಪ, ಬಾಗಿಲ ಕಡೆಯೇ ನೋಡುತ್ತ ಕೂತಿದ್ದನಂತೆ, ಎರಡನೇ ಸಲ ಕೇಳಲು ಬರುತ್ತಾಳೇನೋ ಎಂದು. ಹೀಗೆ ದಿನವೂ ಆದರೆ ಬಲೂನು ಎತ್ತದೆ ಇನ್ನೇನು ಮಾಡೀತು?

ಆ ಕಾಲದಲ್ಲಿ ನಾನು ಅದೇ ಊರಿನ ಬ್ಯಾಂಕಿನಲ್ಲಿದ್ದೆ. ಉಳ್ಳೂರು ಬಡಾವಣೆಯ ಒಂದೇ ಮನೆಯಲ್ಲಿ ಅವನು ಕೆಳಗೆ, ನಾನು ಮೇಲೆ. ಕನ್ನಡ ಕೇಳಿ ಮೆಟ್ಟಿಲಿಳಿದು ಬಂದವನು ನಾನು, ಅಂದಿನಿಂದ ಹತ್ತಿಲ್ಲ ಅಂತ ನನ್ನ ಹೆಂಡತಿ ಕುಸುಮಾವತಿ ಈಗಲೂ ಹೇಳುತ್ತಾಳೆ. ಆಮೇಲೆ ಅವನಿಗೆ ಮದುವೆಯಾಯಿತು. ಗೌರಿ ಅವನ ಊರಿನವಳೇ, ಮೂರು ಸಲ ಕೇಳುವವಳು. ಮನುಷ್ಯ ಚೇತರಿಸಿಕೊಂಡ.

ಎಂಥ ಮನುಷ್ಯ ಅಂತೀರಿ! ಬೆಳಿಗ್ಗೆ ಕಚೇರಿಗೆ ಹೊರಟರೆ ಉಳ್ಳೂರಿನ ಅಂಗಡಿಯವರೆಲ್ಲ ‘ಸಾರೇ, ಮಳ ವರುಮೋ?’ ಎಂದು ಕೇಳುತ್ತಿದ್ದರು. ಮಳೆ ಬರುತ್ತದೆಯೇ ಅಂತ. ಇವನು ಗಂಭೀರವಾಗಿ ‘ಇಲ್ಲ’ ಎನ್ನುತ್ತಿದ್ದ, ಕಂಕುಳಲ್ಲಿ ಕೊಡೆ ಇಟ್ಟುಕೊಂಡು. ಅವರು ಅವನ ಬಾಯಿಯನ್ನು ಬಿಟ್ಟು ಕಂಕುಳನ್ನು ನೋಡಿ ಒಣಹಾಕಿದ ಬಟ್ಟೆ ಒಳಗೆ ತೆಗೆಯುತ್ತಿದ್ದರು. ಒಮ್ಮೆಯೂ ತಪ್ಪಿದ್ದಿಲ್ಲ.

ಅವನಿಗೆ ಇದ್ದ ಚಟ ಒಂದೇ, ಶನಿವಾರ ಸಂಜೆ ಒಂದು ಬಾಟಲಿ ಲೈಟ್ ಬಿಯರ್. ಅದಕ್ಕೂ ಎರಡು ತುಂಡು ಐಸು ಹಾಕಿಕೊಳ್ಳುತ್ತಿದ್ದ. ಮೊದಲೇ ಅದು ಬಿಯರಿನ ಪಕ್ಕದ ಮನೆಯಲ್ಲಿ ಬೆಳೆದ ನೀರು, ಮೇಲೆ ಐಸು ಬೇರೆ. ಲೈಟೇ ಯಾಕೆ ಅಂದರೆ ಅದೂ ‘ಬೇಡ’ದ ಕತೆಯೇ. ನಾನೇ ಅವನನ್ನು ಮೊದಲ ಸಲ ಬಾರ್‌ಗೆ ಕರೆದುಕೊಂಡು ಹೋಗಿದ್ದು. ಮಾಣಿ ಒಂದೊಂದೇ ಹೆಸರು ಹೇಳಿದ, ಇವನು ಒಂದೊಂದಕ್ಕೂ ಬೇಡ ಎಂದ. ಕೊನೆಗೆ ರೋಸಿಹೋದ ಮಾಣಿ, ಯಾರೂ ಕೊಳ್ಳದ ಒಂದು ಲೈಟ್ ಬಾಟಲಿಯನ್ನು ಕೇಳದೆಯೇ ಮುಂದಿಟ್ಟು ಹೊರಟುಹೋದ. ಕೇಳಲೇ ಇಲ್ಲವಲ್ಲ, ಬೇಡ ಅನ್ನಲು ಜಾಗವೇ ಇಲ್ಲ. ಕೆಂಪಣ್ಣ ಕುಡಿದ. ನಿವೃತ್ತಿಯಾದ ಮೇಲೂ ಅದನ್ನೇ ಕುಡಿದ.

ಈಗ ಅವನ ಮಗಳ ವಿಷಯಕ್ಕೆ ಬರುತ್ತೇನೆ. ಗಗನಾ. ಹುಟ್ಟಿದ್ದು, ಓದಿದ್ದು ಎಲ್ಲ ತಿರುವನಂತಪುರದಲ್ಲಿ. ಕನ್ನಡ ಪೂರ್ತಿ ತಿಳಿಯುತ್ತದೆ, ಉತ್ತರ ಮಾತ್ರ ಅರ್ಧ ಮಲಯಾಳದಲ್ಲಿ. ಆಹಾರ ವಿಜ್ಞಾನ ಓದಿ ಒಂದು ಕ್ರಾಫ್ಟ್ ಬಿಯರ್ ಕಂಪನಿ ಸೇರಿದಳು. ಕ್ರಾಫ್ಟ್ ಅಂದರೆ ಸಮುದ್ರದಷ್ಟು ಮಾಡುವುದಲ್ಲ, ಸಣ್ಣ ಹಂಡೆಗಳಲ್ಲಿ, ಅಡುಗೆಯ ಹಾಗೆ ರುಚಿ ನೋಡುತ್ತ ಮಾಡುವುದು. ಕಾರ್ಖಾನೆ ಹೊರರಾಜ್ಯದಲ್ಲಿ, ಅರ್ಧ ತಿಂಗಳು ಅಲ್ಲಿ. ಉಳಿದರ್ಧ ಕೊಚ್ಚಿಯ ಕಲೂರಿನಲ್ಲಿ. ಗೌರಿ ನೆಂಟರಿಗೆ ‘ಜ್ಯೂಸ್ ಕಂಪ್ನಿ’ ಅಂತ ಹೇಳುತ್ತಾಳೆ. ಕೆಂಪಣ್ಣ ಮಾತ್ರ ‘ನನ್ ಮಗ್ಳು ಬಿಯರ್ ಮಾಡ್ತಾಳೆ’ ಅಂತ ಊರಿನ ಮದುವೆ ಮನೆಯಲ್ಲೇ ಹೇಳಿದವನು. ಈ ಸಂಗತಿ ಮಗಳಿಗೆ ಗೊತ್ತಿರಲಿಲ್ಲ.

ಅವಳು ತಾನೇ ಯೋಚಿಸಿ ಮಾಡಿದ ಮೊದಲ ಬಿಯರು ಅಪ್ಪನಿಗಾಗಿ ಮಾಡಿದ್ದು. ಲೈಟ್ ಬಿಯರಿನ ನಾಲಿಗೆಗೆ ಒಮ್ಮೆಲೇ ಕಹಿ ಹಾಕಿದರೆ ಓಡಿಹೋಗುತ್ತದೆ ಎಂದು, ಬಾರ್ಲಿಗೆ ಇಲ್ಲಿಯ ಕೆಂಪಕ್ಕಿ ಬೆರೆಸಿ ಮೈ ಹಗುರ ಮಾಡಿದಳು. ಕಹಿ ಕೊಡುವ ಹೂವನ್ನು ವಾಸನೆಗಷ್ಟೇ ಹಾಕಿದಳು. ಒಂದು ಕ್ಯಾನ್ ತಣ್ಣಗೆ ಕಟ್ಟಿಕೊಂಡು ಉಳ್ಳೂರಿಗೆ ಹೋಗಿ, ಅಪ್ಪನ ಮುಂದೆ ನಿಂತು ‘ಅಪ್ಪಾ, ಒನ್ನು ಕುಡಿಚ್ಚು ನೋಕ್ಕುನ್ನೋ?’ ಎಂದಳು. ಒಂಚೂರು ಕುಡಿದು ನೋಡ್ತೀಯಾ ಅಂತ.

ಕೆಂಪಣ್ಣ ಏನಂದ ಅಂತ ನಾನು ಬೇರೆ ಹೇಳಬೇಕೇ?

ಅವಳು ಕ್ಯಾನನ್ನು ಚೀಲದಲ್ಲಿಟ್ಟುಕೊಂಡು ಸಂಜೆಯ ರೈಲಿಗೇ ಹೊರಟುಹೋದಳು. ಆಮೇಲೆ ಮನೆಯಲ್ಲಿ ಕೆಲಸದ ಮಾತೇ ಎತ್ತಲಿಲ್ಲ. ಓಣಂ ಹಬ್ಬಕ್ಕೆ ಬಂದರೂ ಊಟ ಮುಗಿಸಿ ಹೊರಟುಬಿಟ್ಟಳು.

ಅಷ್ಟರಲ್ಲಿ ನಾನು, ಕುಸುಮಾವತಿ ನಮ್ಮ ಮಗಳ ಮನೆಗೆಂದು ಕೊಚ್ಚಿಯ ಪಕ್ಕದ ಈ ತ್ರಿಪ್ಪುಣಿತ್ತುರಕ್ಕೆ ಬಂದಾಗಿತ್ತು. ಒಂದು ದಿನ ಮೆಟ್ರೊ ಹತ್ತಿ ಕಲೂರಿಗೆ ಹೋಗಿ ಗಗನಾಳನ್ನು ಕಂಡೆ. ಅವಳು ಹೇಳಿದ್ದು ಕೇಳಿ ಚಹಾ ಲೋಟ ಕೆಳಗಿಟ್ಟೆ. ಆ ಕೆಂಪಕ್ಕಿ ಬಿಯರನ್ನು ಮುಂದುವರಿಸಬೇಕೋ ನಿಲ್ಲಿಸಬೇಕೋ ಎಂದು ಕಂಪನಿ ಅವಳನ್ನೇ ಕೇಳಿದೆಯಂತೆ. ನಿಲ್ಲಿಸಿ ಅಂತ ಹೇಳುವವಳಿದ್ದಳು.

“ಅಪ್ಪನಿಗೆ ನನ್ನ ಕೆಲ್ಸ ನಾಚಿಕೆ, ಮಾಮಾ. ಯಾರಿಗೆ ಅಂತ ಮಾಡಿದೆನೋ ಅವರೇ ವೇಂಡ ಪರಞ್ಞು,” ಎಂದಳು. ಬೇಡ ಅಂದರು ಅಂತ.

“ಅಯ್ಯೋ ಪೆದ್ದಿ, ಅವನು ಪಾಯಸಕ್ಕೂ ಬೇಡ ಅಂತಾನೆ. ಇನ್ನೆರಡು ಸಲ ಕೇಳು!”

“ಇಲ್ಲ ಮಾಮಾ. ಬೇಡ ಅಂದ್ರೆ ಬೇಡ. ನಮ್ಮ ಕೆಲಸದಲ್ಲಿ ಯಾರಿಗೂ ಒತ್ತಾಯ ಮಾಡಿ ಕುಡಿಸ್ಬಾರ್ದು. ಅಪ್ಪನಿಗಂತೂ ಮಾಡೋದೇ ಇಲ್ಲ.”

ಅದೂ ನ್ಯಾಯವೇ ಅಲ್ಲವೇ? ಮನೆಗೆ ಬಂದು ಕೆಂಪಣ್ಣನಿಗೆ ಫೋನ್ ಮಾಡಿದೆ.

“ನಿನಗೆ ಮಗಳ ಬಿಯರ್ ಬೇಕಾ ಬೇಡವಾ ಮಾರಾಯಾ?”

“ಇನ್ನೊಂದ್ಸಲ ಕೇಳ್ನಿಲ್ಲ ಕಣಣ್ಣಾ ಅವ್ಳು. ನಾನೇನೋ ಕಾಯ್ತಾ ಕುಂತಿದ್ದೆ. ಮುದುಕಂಗೆ ಯಾಕೆ ಕೊಡೋದು ಅಂತ ಅನ್ಕಂಡ್ಳೇನೋ,” ಎಂದ.

“ನೀನೇ ಕೇಳಬಹುದಲ್ವಾ?”

“ಥೂ, ಬಾಯ್ಬಿಟ್ಟು ಕೇಳೋದಾ!”

ನೋಡಿದಿರಾ? ಅವಳು ಮತ್ತೆ ಕೇಳುವುದಿಲ್ಲ, ಇವನು ಬಾಯಿ ಬಿಡುವುದಿಲ್ಲ. ನಾನು ಕುಸುಮಾವತಿಯ ಹೆಸರು ಹೇಳಿ, ಊಟಕ್ಕೆ ಕರೆದಿದ್ದಾಳೆ ಎಂದು ಮೂರು ಸಲ ಒತ್ತಾಯ ಮಾಡಿ ಅವನನ್ನು ಕೊಚ್ಚಿಗೆ ಕರೆಸಿದೆ. ನೇರ ಕಲೂರಿನ ಒಂದು ಹೋಟೆಲಿನ ಬಿಯರ್ ಪಾರ್ಲರಿಗೆ ಕರೆದುಕೊಂಡು ಹೋದೆ. ಅಲ್ಲಿ ಬಡಿಸುವ ಜಾಯ್ಸ್ ನನ್ನ ಗುರುತಿನವನು. ಲೈಟ್ ಕೇಳಿದರೆ ಖಾಲಿ ಅನ್ನು, ಮೊದಲೆರಡನ್ನು ಕೇಳದೆ ತಂದಿಡು, ಮಗಳ ಬಿಯರಿನ ಸರದಿ ಬಂದಾಗ ಮಾತ್ರ ಅವಳ ಎದುರಿಗೇ ಮೂರು ಸಲ ಕೇಳು ಎಂದು ಪಾಠ ಮಾಡಿಟ್ಟಿದ್ದೆ. ಮಧ್ಯಾಹ್ನಕ್ಕೆ ಬಾ ಎಂದು ಗಗನಾಳಿಗೂ ಹೇಳಿದ್ದೆ.

ಜಾಯ್ಸ್ ಮೊದಲು ಗೋಧಿಯ ಬಿಯರನ್ನು ಸಣ್ಣ ಗ್ಲಾಸಿನಲ್ಲಿಟ್ಟ. ಮಂಜು ಕವಿದ ಹಾಗೆ ಮಸುಕು ಬಣ್ಣ. ಕೆಂಪಣ್ಣ ಐಸು ಹುಡುಕಿದ, ನಾನು ಬಟ್ಟಲನ್ನು ಬಚ್ಚಿಟ್ಟೆ. ಮೂಗು ಹತ್ತಿರ ತಂದವನೇ, “ಬಾಳೆಹಣ್ಣು ಹಾಕವ್ರಾ?” ಎಂದ.

“ಹಾಕಿಲ್ಲ. ಹುದುಗು ಬಂದಾಗ ಆ ವಾಸನೆ ತಾನಾಗಿ ಬರ್ತದಂತೆ.”

“ಲವಂಗನೂ ಅದೆ.” ಇನ್ನೊಂದು ಗುಟುಕು. ಇಷ್ಟು ವರ್ಷ ಅವನು ಕುಡಿಯುವಾಗ ಮುಖದಲ್ಲಿ ಏನೂ ಆಗುತ್ತಿರಲಿಲ್ಲ, ಈಗ ಹುಬ್ಬು ಎದ್ದು ನಿಂತಿತು. ಎರಡನೆಯದು ಕರಿಯ ಬಿಯರು, ಹುರಿದ ಬಾರ್ಲಿಯದ್ದು. ಅದನ್ನು ಬಾಯಲ್ಲಿಟ್ಟುಕೊಂಡು ಬಹಳ ಹೊತ್ತು ನುಂಗಲಿಲ್ಲ. “ನಮ್ಮವ್ವ ಹುರಿಹಿಟ್ಟಿಗೆ ರಾಗಿ ಹುರಿಯೋವಾಗ ಮನೆಯೆಲ್ಲಾ ಹಿಂಗೇ ಗಮ್ಮನ್ನೋದು ಕಣಣ್ಣಾ,” ಎಂದ. ನಾನು ಗೆದ್ದೆ ಅಂದುಕೊಂಡೆ.

ಗಗನಾ ಬಂದಳು. ಅಪ್ಪನನ್ನು ಅಲ್ಲಿ ನೋಡಿ ಒಂದು ಹೆಜ್ಜೆ ಹಿಂದೆ ಇಟ್ಟಳು. ಆಮೇಲೆ ಕೂತಳು. ನಾನು ಕಣ್ಣು ಹೊಡೆದೆ. ಜಾಯ್ಸ್ ಕೆಂಪಕ್ಕಿ ಬಿಯರಿನ ಕ್ಯಾನ್ ಹಿಡಿದು ಬಂದು, “ಚೇಟ್ಟಾ, ಇದು ವೇಣೋ?” ಎಂದ.

“ವೇಂಡ,” ಎಂದ ಕೆಂಪಣ್ಣ.

ಅದೇ ಹೊತ್ತಿಗೆ ಆಚೆ ಮೇಜಿನವರು ಬಿಲ್ಲಿಗೆ ಕೂಗಬೇಕೇ! ಜಾಯ್ಸ್ ಕ್ಯಾನನ್ನು ಅಲ್ಲೇ ಇಟ್ಟು, ನನ್ನ ಪಾಠವನ್ನೆಲ್ಲ ಮರೆತು ಓಡಿದ. ಗಗನಾ ಕ್ಯಾನನ್ನೇ ನೋಡುತ್ತಿದ್ದಳು. ಎದ್ದು ನಿಂತಳು.

“ಕೇಳಿಸ್ತಲ್ಲ ಮಾಮಾ. ನಾನು ಹೊರಡ್ತೀನಿ. ಇವತ್ತೇ ಕಂಪನಿಗೆ ಹೇಳ್ಬಿಡ್ತೀನಿ, ಇದು ನಿಲ್ಸಿ ಅಂತ.”

“ಯಾಕವ್ವಾ ನಿಲ್ಸೋದು?” ಕೆಂಪಣ್ಣ ಬೆಚ್ಚಿದ.

“ಅಪ್ಪನೇ ವೇಂಡ ಅಂದ್ರಲ್ಲ. ಆವತ್ತೂ ಅಂದ್ರಿ, ಈಗ್ಲೂ ಅಂದ್ರಿ.”

“ಅಯ್ಯೋ ಕೂಸೇ, ಅದು ಮೊದಲ್ನೇ ಬೇಡ ಕಣವ್ವಾ! ಇನ್ನೂ ಎರಡು ಬಾಕಿ ಇದ್ವು. ನೀನು ಚೀಲಕ್ಕೆ ಹಾಕ್ಕೊಂಡು ಹೊಂಟೇ ಹೋದೆ.”

ಅವಳು ನಗಲಿಲ್ಲ. “ಬೇಕು ಅಂತಿದ್ರೆ ಬೇಕು ಅನ್ಬೇಕು ಅಪ್ಪಾ. ನಾನು ಕೇಳಲ್ಲ.”

ಕೆಂಪಣ್ಣ ನನ್ನ ಕಡೆ ನೋಡಿದ, ನಾನು ಬೇಕೆಂದೇ ಗೋಡೆ ನೋಡಿದೆ. ಅವಳು ಚೀಲವನ್ನು ಹೆಗಲಿಗೆ ಹಾಕಿದಳು. ಆಗ ಅವನು ಖಾಲಿ ಗ್ಲಾಸನ್ನು ಎರಡೂ ಕೈಯಲ್ಲಿ ಹಿಡಿದು ಮಗಳ ಮುಂದೆ ಚಾಚಿದ, ತೀರ್ಥಕ್ಕೆ ಚಾಚಿದ ಹಾಗೆ.

“ಬೇಕು ಕಣವ್ವಾ. ಹಾಕು. ಆವತ್ತಿಂದ್ಲೂ ಬೇಕಾಗಿತ್ತು.”

ಗಗನಾ ಕೂತಳು. ಗ್ಲಾಸನ್ನು ಓರೆ ಮಾಡಿ, ನೊರೆ ಮೇಲೆ ನಿಲ್ಲುವ ಹಾಗೆ ಹದವಾಗಿ ಸುರಿದಳು. ಕೆಂಪಣ್ಣ ಕುಡಿದ. ನಾವಿಬ್ಬರೂ ಅವನ ಗಂಟಲನ್ನೇ ನೋಡಿದೆವು.

“ಮೊದ್ಲು ಗಂಜಿ ಬಸ್ದಂಗೆ ಘಮ,” ಎಂದ ಮೆಲ್ಲಗೆ. “ಆಮ್ಯಾಕೆ ಕಿತ್ತಳೆ ಸಿಪ್ಪೆ. ಕೊನೇಲಿ ಒಂಚೂರು ಕಹಿ. ಅದು ಜಾಸ್ತಿ ಆಯ್ತು.”

“ಕಮ್ಮಿ ಮಾಡ್ಲಾ?”

“ಬ್ಯಾಡ. ಇದು ನಿಜವಾದ ಬ್ಯಾಡ, ಸರ್ಯಾಗಿ ಕೇಳಿಸ್ಕೋ. ಕಹಿ ಇರ್ಲಿ. ನಾನು ಕಲೀತೀನಿ.”

ಆಗ ನಕ್ಕಳು ನೋಡಿ ಹುಡುಗಿ, ಕಣ್ಣಲ್ಲಿ ನೀರಿಟ್ಟುಕೊಂಡು. ಅಲ್ಲೇ ಕಂಪನಿಗೆ ಫೋನ್ ಮಾಡಿ, ನಿಲ್ಲಿಸುವುದಿಲ್ಲ, ಮುಂದಿನ ಹಂಡೆಗೆ ಕೆಂಪಕ್ಕಿ ತರಿಸಿ ಎಂದಳು. ಫೋನ್ ಇಡುವಷ್ಟರಲ್ಲಿ ಕೆಂಪಣ್ಣ ಮದುವೆ ಮನೆಯಲ್ಲಿ ತಾನು ಹೇಳಿದ್ದನ್ನೂ, ನೆಂಟರ ಮುಖ ಹೇಗಾಯಿತೆಂಬುದನ್ನೂ ಹೇಳಲು ಶುರು ಮಾಡಿದ್ದ. ಅವಳು ಕೆನ್ನೆಗೆ ಕೈಯಿಟ್ಟು ಕೇಳುತ್ತಿದ್ದಳು. ಅಷ್ಟರಲ್ಲಿ ಪಾರ್ಲರಿನ ದೀಪಗಳೆಲ್ಲ ತಾವಾಗಿ ಹೊತ್ತಿಕೊಂಡವು, ಹೊರಗೆ ಬೇಸಿಗೆಯಲ್ಲಿ ಆಲಿಕಲ್ಲು ಮಳೆ, ಒಂದೊಂದು ಕಲ್ಲು ತೆಂಗಿನಕಾಯಿ ಗಾತ್ರ…

“ಏನ್ರೀ, ಕೇಳಿಸ್ತದಾ? ಬಡಿಸಿ ಎಷ್ಟು ಹೊತ್ತಾಯ್ತು! ಮೀನು ಸಾರು ತಣ್ಣಗಾಗ್ತಾ ಉಂಟು. ಪಾಪ, ಅವರನ್ನಾದ್ರೂ ಊಟಕ್ಕೆ ಬಿಡಿ!”

“ಬಂದೆ ಕುಸುಮಾವತೀ, ಬಂದೆ ಮಾರಾಯ್ತಿ!”

ಏಳಿ, ನೀವೂ ಏಳಿ. ಕೈ ತೊಳೆಯುವುದು ಆ ಕಡೆ.