ನನಗೂ ತುಂಬಿದ ಉಡಿ

"ಕೆಲಸದಾಗ ಸಮಾಧಾನ ಐತೇನ್ರಿ ಮೇಡಂ?" ಚಿಕ್ಕೋಡಿಯ ಡಾಕ್ಟರು ಕೇಳಿದರು. ನಿದ್ದೆಯಿಲ್ಲ, ತಲೆ ಭಾರ ಅಂತ ಹೋದವಳಿಗೆ ಇದೆಂಥ ಪ್ರಶ್ನೆ! ಖಾಯಂ ನೌಕರಿ, ಕೈತುಂಬ ಪಗಾರ. "ಭಾಳ ಸಮಾಧಾನ ಐತ್ರಿ," ಅಂದು ಗುಳಿಗೆ ಬರೆಸಿಕೊಂಡು ಬಂದೆ. ನಿದ್ದೆ ಕೆಡಿಸಿದವಳು ಕಾಲೇಜಿನಲ್ಲಿ ನನ್ನ ಎದುರು ಕುರ್ಚಿಯಲ್ಲೇ ಕೂಡುತ್ತಾಳೆ ಅಂತ ಯಾವ ಬಾಯಿಂದ ಹೇಳಲಿ?

ಅವಳು ಅರ್ಥಶಾಸ್ತ್ರದ ಅತಿಥಿ ಉಪನ್ಯಾಸಕಿ. ನನ್ನದು ಇತಿಹಾಸ. ನಮ್ಮದು ಕಾಗವಾಡದ ಕಡೆಯ ಕಾಲೇಜು. ಕಬ್ಬಿನ ಹಂಗಾಮು ಶುರುವಾದರೆ ಹುಡುಗಿಯರು ಹೊಲ ಸೇರುತ್ತಾರೆ, ನನ್ನ ಕ್ಲಾಸು ಖಾಲಿ. ಅವಳ ಕ್ಲಾಸಿಗೆ ಮಾತ್ರ ಕೈಗೆ ಕಬ್ಬಿನ ಒಣ ರವದಿ ಗರಿ ಗೀರಿದ್ದರೂ ಓಡಿ ಬರುತ್ತಿದ್ದರು. ಅರ್ಧ ಕನ್ನಡ, ಅರ್ಧ ಮರಾಠಿ ಬೆರೆಸಿ ಪಾಠ ಹೇಳಿ ನಗಿಸುತ್ತಿದ್ದಳು. ಗೋಡೆಯ ಈಚೆ ನಾಲ್ಕು ಮಂದಿಗೆ ಪೇಶ್ವೆಯರ ಪಾಠ ಹೇಳುತ್ತ ನಾನು ಆ ನಗೆಗೇ ಕಿವಿಗೊಟ್ಟಿರುತ್ತಿದ್ದೆ. ಕೊನೆಗೆ ಹೋಗಿ ಬಾಗಿಲು ದಡ್ಡನೆ ಹಾಕಿ ಬರುತ್ತಿದ್ದೆ.

ಮಧ್ಯಾಹ್ನ ಅವಳ ಮೇಜಿನ ಮೇಲೆ ಹುಡುಗಿಯರು ತಂದ ಗಾಣದ ಬಿಸಿ ಬೆಲ್ಲ. "ನೀವೂ ತಗೋರಿ ಮೇಡಂ," ಅಂತ ನನ್ನ ಕಡೆ ಸರಿಸುವಳು.

"ಬ್ಯಾಡವಾ, ನನಗ ಸಿಹಿ ಆಗೂದಿಲ್ಲ."

ಸುಳ್ಳು! ಸಿಹಿ ಅಂದರೆ ಪ್ರಾಣ ಬಿಡುವವಳು ನಾನು. ಇಷ್ಟು ವರ್ಷದ ನೌಕರಿಯಲ್ಲಿ ಒಬ್ಬ ಹುಡುಗಿ, ಒಬ್ಬಳೇ ಒಬ್ಬಳು, ಇದು ನಿಮಗಂತ ಒಂದು ಹಿಡಿ ಶೇಂಗಾ ತಂದಿದ್ದರೂ ಸಾಕಿತ್ತು.

ಈ ವರ್ಷ ಅವಳ ಜಾಗಕ್ಕೆ ಖಾಯಂ ಉಪನ್ಯಾಸಕರೊಬ್ಬರು ವರ್ಗವಾಗಿ ಬಂದರು, ಅವಳ ಕೆಲಸ ಹೋಯಿತು. ಅಯ್ಯೋ ಪಾಪ ಅನ್ನಿಸಬೇಕಿತ್ತಲ್ಲ? ನನಗೆ ಪೀಡೆ ಕಳೆಯಿತು ಅನ್ನಿಸಿತು.

ಕೊನೆಯ ದಿನ ಜುಗೂಳದ ಹುಡುಗಿಯೊಬ್ಬಳು ತನ್ನ ತಾಯಿಯನ್ನು ಕರೆದುಕೊಂಡು ಸ್ಟಾಫ್ ರೂಮಿಗೆ ಬಂದಳು. ಚೀಲದಲ್ಲಿ ಅಕ್ಕಿ, ತೆಂಗಿನಕಾಯಿ, ಕುಪ್ಪಸದ ಖಣ. ನನ್ನ ಎದುರು ಕುರ್ಚಿಯಲ್ಲೇ ಕೂರಿಸಿ ಅವಳಿಗೆ ಉಡಿ ತುಂಬಿದರು. "ನಮ್ಮ ಮನಿ ಮಗಳ ಹೊಂಟಂಗ ಆಗೇತ್ರಿ," ಅಂತ ಆ ತಾಯಿ ಅತ್ತಳು. ಅವಳೂ ಅತ್ತಳು. ನಾಳೆಯಿಂದ ಕೆಲಸವಿಲ್ಲದವಳ ಮೇಲೆ, ಆಗಲೂ, ನನಗೆ ಹೊಟ್ಟೆಕಿಚ್ಚು!

ಆಮೇಲೆ ಆ ತಾಯಿ ನನ್ನ ಕಡೆ ತಿರುಗಿದಳು. ಎದುರು ಮುತ್ತೈದೆ ಕೂತಿರುವಾಗ ಒಬ್ಬಳಿಗೇ ಉಡಿ ತುಂಬಿ ಏಳುವುದು ಚಂದವಲ್ಲವಲ್ಲ.

"ಬರ್ರಿ ತಾಯಿ, ನಿಮಗೂ ತುಂಬತೀನಿ."

ಖಣ ತಂದದ್ದು ಒಂದೇ. ಚೀಲದಲ್ಲಿ ಉಳಿದ ಅಕ್ಕಿಯನ್ನು ಬೊಗಸೆಯಲ್ಲಿ ತೆಗೆದಳು. ಬೇಡ ಅನ್ನಬೇಕು ಅಂದುಕೊಂಡೆ. ಅಷ್ಟರಲ್ಲಿ ಸೆರಗು ಒಡ್ಡಿಯಾಗಿತ್ತು. ಅಕ್ಕಿ ಹಾಕುತ್ತ ಮಾತಿಗಂತ ಕೇಳಿದಳು:

"ನೀವು ಇಲ್ಲಿ ಆಫೀಸಿನಾಗ ಇರತೀರೇನ್ರಿ?"

ಮೂರು ವರ್ಷ ನನ್ನ ಕ್ಲಾಸಿನಲ್ಲಿ ಕೂತ ಅವಳ ಮಗಳು ಪಕ್ಕದಲ್ಲೇ ನಿಂತಿದ್ದಳು. ತಲೆ ತಗ್ಗಿಸಿದಳು.

ನಾನು ಅಕ್ಕಿ ಬಿದ್ದ ಸೆರಗನ್ನು ಬಿಗಿ ಹಿಡಿದುಕೊಂಡೆ.

"ಹೌದ್ರಿ," ಅಂದೆ.