ಮೆತ್ತದೆ ಬಿಟ್ಟ ಮಣ್ಣು

ಇದನ್ನು ಬರೆಯಬೇಕೆಂದು ಕುಳಿತು, ಬರೆಯದೆ ಎದ್ದದ್ದು ಎಷ್ಟೋ ಸಲ. ಮೊದಲು ಕಣ್ಣ ಮುಂದೆ ಬರುವುದು ನಮ್ಮ ಮೇಡಂ ಅವರ ಉಗುರುಗಳು. ಅವುಗಳ ಸಂದಿಯಲ್ಲಿ ಸದಾ ಕಪ್ಪು ಮರಳಿನ ಗೆರೆ. ಆಂಡರ್ಸನ್‌ಪೇಟೆಯ ಹೈಸ್ಕೂಲೊಂದರಲ್ಲಿ ಅವರು ವಿಜ್ಞಾನದ ಮೇಡಂ, ನಾನು ಅಟೆಂಡರ್. ಬಂಗಾರಪೇಟೆಯಿಂದ ರೈಲಿನಲ್ಲಿ ಬರುತ್ತಿದ್ದರು. ಮದುವೆಯಾಗಿರಲಿಲ್ಲ. ಊಟದ ಡಬ್ಬಿಯನ್ನು ಲ್ಯಾಬಿನಲ್ಲೇ ಒಬ್ಬರೇ ಕುಳಿತು ಬಿಚ್ಚುತ್ತಿದ್ದರು.

ಭಾನುವಾರ ಬೇತಮಂಗಲದ ಕೆರೆಯ ಬಳಿ ಹೋಗಿ, ಮಳೆನೀರು ಬಿಟ್ಟುಹೋದ ಮರಳಿನಲ್ಲಿ ಕಾಗದ ಸುತ್ತಿದ ಆಯಸ್ಕಾಂತ ಎಳೆದು, ಕಬ್ಬಿಣದ ಕಪ್ಪು ಪುಡಿ ಕೂಡಿಸುವರು. ಅದನ್ನು ಸಣ್ಣ ಮಣ್ಣಿನ ಕುಡಿಕೆಯಲ್ಲಿ ಹಾಕಿ ಗ್ಯಾಸ್ ಬರ್ನರಿನ ಮೇಲೆ ಕಾಯಿಸುವರು. ಕುಡಿಕೆ ಕೆಂಪಗೆ ಕಾದಾಗ ದಾರದಲ್ಲಿ ತೂಗುಹಾಕಿದ ಆಯಸ್ಕಾಂತ ಅದರ ಕಡೆ ತಿರುಗುತ್ತಿರಲಿಲ್ಲ. ಆರಿದ ಮೇಲೆ ಮತ್ತೆ ತಿರುಗುತ್ತಿತ್ತು.

“ಬಿಸಿಯಾದ್ರೆ ಇದು ನಮ್ಮ ಎಡ್‌ಮಾಸ್ಟ್ರು ಇದ್ದಂಗೆ ಕಣಣ್ಣ, ಯಾರ್ನೂ ಅತ್ರ ಸೇರ್ಸಲ್ಲ. ತಣ್ಣಗಾಗ್ಲಿ, ತಾನೇ ಕರೀತದೆ” ಎಂದು ನಗುತ್ತಿದ್ದರು.

ಎಷ್ಟು ಬಿಸಿಗೆ ಆ ಪುಡಿಯಲ್ಲಿ ಕರೆಂಟು ಎಷ್ಟು ಹರಿಯುತ್ತದೆ ಎಂಬುದನ್ನೂ ಮೀಟರ್ ನೋಡಿ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದರು. ಏಳೆಂಟು ವರ್ಷ ಬರೆದರು. ಅವರದು ಒಂದೇ ಕಟ್ಟುನಿಟ್ಟು: ಮುಚ್ಚಳದ ಸುತ್ತ ಹಸಿ ಜೇಡಿಮಣ್ಣು ಮೆತ್ತಬೇಕು. ಕಾಯುವಾಗ ಗಾಳಿ ಹೊಕ್ಕರೆ ಕಪ್ಪು ಪುಡಿ ಕೆಂಪಾಗಿ ಬೇರೆಯೇ ವಸ್ತುವಾಗುತ್ತದೆ, ಆರಿದರೂ ಆಯಸ್ಕಾಂತವನ್ನು ಸೆಳೆಯುವುದಿಲ್ಲ. ಮೆತ್ತುವ ಕೆಲಸ ನನ್ನದು.

ಒಮ್ಮೆ ಆ ನೋಟ್‌ಬುಕ್ ನೋಡಲು ಕಾಲೇಜಿನ ಪ್ರೊಫೆಸರೊಬ್ಬರು ಬರುವವರಿದ್ದರು. ಅವರು ಒಪ್ಪಿದರೆ ಮೇಡಂ ಸಂಶೋಧನೆಗೆ ಸೇರಬಹುದಿತ್ತು. ಅಂದು ಶಾಲೆಯ ನಲ್ಲಿಯಲ್ಲಿ ನೀರಿಲ್ಲ. ರಸ್ತೆ ದಾಟಿ ಎದುರು ಮನೆಯಲ್ಲಿ ಒಂದು ಚೊಂಬು ನೀರು ಕೇಳಲು ಬೇಸರವಾಯಿತು. ಮುಚ್ಚಳವನ್ನು ಹಾಗೇ ಇಟ್ಟು, ಬರ್ನರ್ ಹಚ್ಚಿ, ಟೀ ಕುಡಿಯಲು ಅದೇ ರಸ್ತೆ ದಾಟಿದೆ. ಬಂದ ಮೇಲೆ ಹೆದರಿಕೆಯಾಗಿ, ಮೆತ್ತಿದ ಮಣ್ಣು ಒಣಗಿ ಉದುರಿದಂತೆ ಕಾಣಲೆಂದು ಒಣ ಜೇಡಿಯ ಪುಡಿಯನ್ನು ಮುಚ್ಚಳದ ಸುತ್ತ ಚೆಲ್ಲಿದೆ.

ಪ್ರೊಫೆಸರ್ ಬಂದು ನೋಡುತ್ತಿದ್ದಂತೆ ಕುಡಿಕೆ ಆರಿತು. ಆಯಸ್ಕಾಂತ ತಿರುಗಲಿಲ್ಲ. ಮುಚ್ಚಳ ತೆಗೆದರೆ ಒಳಗೆಲ್ಲ ಕೆಂಪು.

“ಏನಮ್ಮಾ, ಕುಂಕುಮಕ್ಕೆ ಕರೆದಿದ್ರಾ ನನ್ನ?” ಎಂದರು ಪ್ರೊಫೆಸರ್.

ಮೇಡಂ ನನ್ನತ್ತ ತಿರುಗಿದರು. “ಮಣ್ಣು ಮೆತ್ತಿದ್ರಾ ಅಣ್ಣ?”

“ಮೆತ್ತಿದ್ದೆ ಮೇಡಂ. ದಿನಾ ಮೆತ್ತಂಗೇನೆ.”

ಅವರು ನನ್ನ ಮಾತನ್ನು ನಂಬಿದರು. ನಂಬಿದ್ದರಿಂದಲೇ ತಮ್ಮ ಬರಹದ ಮೇಲೆ ಅವರಿಗೆ ನಂಬಿಕೆ ಹೋಯಿತು. ಸಂಜೆ ಬರ್ನರಿನ ಪೈಪು ಸುತ್ತಿಡುತ್ತ, “ಮೆತ್ತಿದ್ರೂ ಗಾಳಿ ಓಗ್ತದೆ ಅಂದ್ರೆ, ಇಷ್ಟು ವರ್ಷ ಬರ್ದಿದ್ದು ಯಾವ ಪುಡೀದೋ. ಒಂದೂ ನಂಬಂಗಿಲ್ಲ ಅಣ್ಣ” ಎಂದರು. ಮತ್ತೆ ಬೇತಮಂಗಲಕ್ಕೆ ಹೋಗಲಿಲ್ಲ. ಪಾಠ ಮುಗಿಸಿ, ಕಿಟಕಿಯ ಬಳಿ ಸುಮ್ಮನೆ ಕುಳಿತು ರೈಲಿನ ಹೊತ್ತು ಕಾಯುತ್ತಿದ್ದರು. ಅವರು ನಿವೃತ್ತರಾಗುವವರೆಗೂ ದಿನವೂ ಟೀ ತಂದು ಎದುರಿಗಿಟ್ಟವನು ನಾನೇ. ಹೇಳಲು ಒಂದು ನಿಮಿಷ ಸಾಕಿತ್ತು.

ಕಳೆದ ವರ್ಷ ಅವರು ತೀರಿಕೊಂಡಾಗ ಬಂಗಾರಪೇಟೆಗೆ ಹೋದೆ. ಮನೆಯಲ್ಲಿ ಅವರ ತಂಗಿ ಒಬ್ಬರೇ ಇದ್ದರು. “ಇಸ್ಕೂಲಿಂದು ಅನ್ಸ್ತದೆ, ನಿಮ್ಗೇ ಗೊತ್ತಾಗ್ತದೆ, ತಗಂಡೋಗಿ” ಎಂದು ಆ ನೋಟ್‌ಬುಕ್ ಕೊಟ್ಟರು. ಬರಹ ನಿಂತ ಪುಟದಲ್ಲಿ ಆ ದಿನದ ಸಾಲು: ‘ಮೆತ್ತಿದ್ದರೂ ಕೆಂಪಾಯಿತು. ಕಾರಣ ತಿಳಿಯಲಿಲ್ಲ.’

ಕೆಳಗೆ ಅರ್ಧ ಪುಟ ಖಾಲಿ ಬಿಟ್ಟಿದ್ದಾರೆ. ನಿನ್ನೆ ಅಲ್ಲಿ ‘ಮೆತ್ತಿರಲಿಲ್ಲ’ ಎಂದು ಬರೆದೆ. ಅದನ್ನು ಓದಬೇಕಾಗಿದ್ದವರು, ನಾನು ಕ್ಷಮೆ ಕೇಳದೇ ಹೋದವರು, ಒಬ್ಬರೇ: ನಮ್ಮ ವಿಜ್ಞಾನದ ಮೇಡಂ.