ಹಸಿ ಎಂದರೆ ಇಲ್ಲಿ ಚಂಡಿ

ಆಸ್ಪತ್ರೆಯ ಆ ಕೋಣೆಯಲ್ಲಿ ಇದ್ದದ್ದು ನಾವು ಮೂವರು ಹೆಂಗಸರು ಮತ್ತು ಆಪರೇಷನ್ನಿನ ಸಾಮಾನುಗಳನ್ನು ಆವಿಯಲ್ಲಿ ಕಾಯಿಸುವ, ಬುಸುಗುಡುವ ಒಂದು ಆಟೋಕ್ಲೇವ್. ಲೀಲಕ್ಕ ತೊಟ್ಟಿಯ ಮುಂದೆ ನಿಂತು ಆಪರೇಷನ್ನಿನ ಕತ್ತರಿಗಳನ್ನು ಉಜ್ಜುತ್ತಿದ್ದರು. ಏಲಿಯಮ್ಮ ಸಿಸ್ಟರ್ ಥಿಯೇಟರಿನ ಕಡೆಗೆ ತೆರೆಯುವ ಕಿಂಡಿಯ ಬಳಿ ಬಟ್ಟೆ ಮಡಚುತ್ತಿದ್ದರು. ಮಧುಗಿರಿ ಸೀಮೆಯಿಂದ ಹಿಂದಿನ ದಿನವಷ್ಟೇ ಪುತ್ತೂರಿಗೆ ಬಂದಿಳಿದಿದ್ದ ನಾನು ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಬಾಗಿಲಲ್ಲೇ ಉಳಿದಿದ್ದೆ. ಲೀಲಕ್ಕ ಪಂಜದ ಕಡೆಯವರು, ಮಾತು ತುಳು. ಸಿಸ್ಟರ್ ಕಡಬದವರು, ಮನೆಮಾತು ಮಲಯಾಳ. ಇಬ್ಬರೂ ತುಳುವಿನಲ್ಲಿ ಏನೋ ಹೇಳಿಕೊಂಡು ನಕ್ಕರು. ಒಂದೇ ದಿನದ ಬಸ್ಸಿನ ದಾರಿ, ದಾರಿಯುದ್ದಕ್ಕೂ ಬೋರ್ಡುಗಳೆಲ್ಲ ಕನ್ನಡದವೇ. ಆದರೂ ನನಗೆ ಬೇರೆ ದೇಶಕ್ಕೇ ಬಂದುಬಿಟ್ಟೆನೇನೋ ಅನ್ನಿಸಿತು.

ಮಧ್ಯಾಹ್ನ ಆಟೋಕ್ಲೇವಿನಿಂದ, ಕತ್ತರಿ ಚಿಮಟಗಳನ್ನು ಬಟ್ಟೆಯಲ್ಲಿ ಸುತ್ತಿದ ಕಟ್ಟುಗಳನ್ನು ತೆಗೆದಿಡುತ್ತಿದ್ದೆ. ಲೀಲಕ್ಕ ಕೈ ಒರೆಸಿಕೊಳ್ಳುತ್ತ ಬಂದು, "ಒಣಸ್ ಆಂಡಾ?" ಎಂದರು.

ಒಣಗಿತಾ ಅಂತ ಕೇಳುತ್ತಿದ್ದಾರೆ, ಪರವಾಗಿಲ್ಲ, ಈ ತುಳು ನನಗೂ ತಿಳಿಯುತ್ತದೆ ಎಂದು ಹಿಗ್ಗಿಹೋದೆ. ಆವಿಯಾಡುತ್ತಿದ್ದ ಕಟ್ಟುಗಳತ್ತ ನೋಡಿ, "ಇಲ್ಲ ಕಣಕ್ಕ, ಇನ್ನೂ ಹಸಿ ಐತೆ" ಎಂದೆ.

"ಹಸಿವಾ? ಅಯ್ಯೋ, ಅದನ್ನು ಬಾಯಿ ಬಿಟ್ಟು ಹೇಳುದಲ್ವಾ ಮಾರಾಯ್ತಿ! ಬಾ ಬಾ."

ಕೈ ಹಿಡಿದು ಊಟದ ಕೋಣೆಗೆ ಕರೆದೊಯ್ದು, ತಮ್ಮ ಬುತ್ತಿಯಿಂದ ಕುಚ್ಚಲಕ್ಕಿ ಅನ್ನ, ಬಸಳೆ ಸಾಂಬಾರು ಬಡಿಸಿದರು. ಭತ್ತವನ್ನೇ ಬೇಯಿಸಿ ಒಣಗಿಸಿ ಮಾಡಿದ ಅಕ್ಕಿಯ ಆ ಅನ್ನದ ದಪ್ಪ ಅಗುಳು ಗಂಟಲಲ್ಲಿ ಇಳಿಯಲು ತಕರಾರು ಮಾಡಿತು. ಆದರೂ ತಿಂದೆ. ಮಾರನೆಯ ದಿನವೂ ಅದೇ ಪ್ರಶ್ನೆ, ನನ್ನದೂ ಅದೇ ಉತ್ತರ, ಮತ್ತೆ ಊಟ. ಕಟ್ಟು ಒಣಗದಿದ್ದರೆ ಕೆಲಸದವರಿಗೆ ಅನ್ನ ಹಾಕುವುದು ಈ ಸೀಮೆಯ ಪದ್ಧತಿ ಇರಬೇಕೆಂದು ನಾನು ಊರಿಗೆ ಫೋನಿನಲ್ಲಿ ಹೇಳಿಯೂಬಿಟ್ಟೆ.

ಆ ವಾರದ ಕೊನೆಯಲ್ಲಿ ಸಿಸ್ಟರ್ ಈ ಸಂಭಾಷಣೆ ಕೇಳಿಸಿಕೊಂಡರು. "ಲೀಲಾ, ಅವಳು ಹೇಳುದು ಹೊಟ್ಟೆಯ ಸುದ್ದಿ ಅಲ್ಲ, ಕಟ್ಟಿನ ಸುದ್ದಿ!" ಎಂದು ಗೋಡೆ ಹಿಡಿದು ನಕ್ಕರು. ಒಣಸ್ ಎಂದರೆ ತುಳುವಿನಲ್ಲಿ ಊಟ. 'ಊಟ ಆಯಿತಾ' ಎಂದು ಕೇಳಿದವರಿಗೆ ನಾನು ಬಟ್ಟೆ ಒಣಗಿಲ್ಲ ಎನ್ನುತ್ತಿದ್ದೆ.

"ನಾನು ಎಣಿಸಿದೆ, ಪಾಪ, ಘಟ್ಟದ ಮೇಲಿನ ಹುಡುಗಿಗೆ ಹೊಟ್ಟೆಯಲ್ಲಿ ಹುಳ ಉಂಟು ಅಂತ," ಎಂದರು ಲೀಲಕ್ಕ. "ಹಸಿ ಅಂತ ಯಾರು ಹೇಳ್ತಾರೆ? ಚಂಡಿ ಅನ್ಲಿಕ್ಕೆ ಎಂತ ಧಾಡಿ ನಿನಗೆ?"

ನೋಡಿ, ನೆನೆದದ್ದಕ್ಕೆ ಇಲ್ಲಿ ಚಂಡಿ ಎನ್ನುತ್ತಾರೆ. ನಮ್ಮಲ್ಲಿ ಚಂಡಿ ಎಂದರೆ ಹಟಮಾರಿ ಹೆಣ್ಣು. ಬೆಳಿಗ್ಗೆಯಷ್ಟೇ ಲೀಲಕ್ಕ ನನ್ನ ಕಡೆ ಬೆರಳು ತೋರಿಸಿ "ಇದು ಪೂರಾ ಚಂಡಿ" ಎಂದಾಗ ಒಳಗೊಳಗೇ ಮುನಿಸಿಕೊಂಡಿದ್ದೆ. ಅವರು ಹೇಳಿದ್ದು ತೊಟ್ಟಿಯ ನೀರಿಗೆ ನೆನೆದಿದ್ದ ನನ್ನ ಸೆರಗಿಗೆ. ಅಂದಿನಿಂದ ಆಸ್ಪತ್ರೆಯಲ್ಲಿ ಯಾರು ಎದುರಾದರೂ "ಒಣಸ್ ಆಂಡಾ ಭಾಗ್ಯ?" ಎಂದು ಕಣ್ಣು ಮಿಟುಕಿಸುವುದು, ನಾನು "ಹಸಿ ಐತೆ" ಎನ್ನುವುದು, ಎಲ್ಲರೂ ನಗುವುದು ನಡೆದೇ ಇತ್ತು.

ನಗುವಿನ ಹಿಂದೆ ಒಂದು ಅಳುಕೂ ಇತ್ತು. ಇದೇ ಕೆಲಸ ಮಾಡಿಕೊಂಡಿದ್ದ ನಮ್ಮೂರಿನ ನರ್ಸಿಂಗ್ ಹೋಂ ಮುಚ್ಚಿದ ಮೇಲೆ ಈ ಕೆಲಸ ಹುಡುಕಿಕೊಂಡು ಬಂದವಳು ನಾನು. ಗಂಡನಿಲ್ಲದ ಸಂಸಾರ, ಮಗಳು ಸಿಂಚನಳನ್ನು ಅಮ್ಮನ ಬಳಿ ಬಿಟ್ಟಿದ್ದೆ. ಮಾರ್ಚಿನಲ್ಲಿ ಸೇರಿದವಳಿಗೆ ಜೂನಿನ ತನಕ ಪರೀಕ್ಷೆಯ ಕಾಲ. ಸಿಸ್ಟರ್ ಒಪ್ಪಿದರೆ ಕೆಲಸ ಕಾಯಂ, ಆಸ್ಪತ್ರೆಯ ಹಿಂದಿನ ಕ್ವಾರ್ಟರ್ಸಿನಲ್ಲಿ ಒಂದು ಮನೆ. ಆಗ ಮಗಳನ್ನು ಕರೆಸಿ ಇಲ್ಲೇ ಎಂಟನೆಯ ತರಗತಿಗೆ ಸೇರಿಸಬಹುದು. ಒಪ್ಪದಿದ್ದರೆ ಅವಳೊಂದು ಕಡೆ, ನಾನೊಂದು ಕಡೆ.

ಅಲ್ಲಿಯವರೆಗೆ ಗುಡ್ಡದ ಇಳಿಜಾರಿನಲ್ಲಿ ಒಂದು ಬಾಡಿಗೆ ಕೋಣೆ. ನಮ್ಮಲ್ಲಿ ಪಕ್ಕದ ಮನೆಯೆಂದರೆ ಗೋಡೆಗೆ ಗೋಡೆ ಅಂಟಿದ್ದು, ಕೆಮ್ಮಿದರೆ "ಶುಂಠಿ ಕೊಡ್ಲೇನೆ?" ಅಂತ ಕೇಳುತ್ತಾರೆ. ಇಲ್ಲಿ ಪಕ್ಕದ ಮನೆಗೆ ಮೆಟ್ಟಿಲು ಹತ್ತಿ ಇಳಿದು ಹೋಗಬೇಕು. ಆ ಕೋಣೆಯಲ್ಲಿ ಎಷ್ಟೋ ಸಂಜೆ ಸುಮ್ಮನೆ ನನಗೆ ನಾನೇ ತುಳು ಮಾತಾಡಿಕೊಂಡಿದ್ದೇನೆ. ಒಂದು ದಿನ ಪೇಟೆಯಲ್ಲಿ ಬಂಗುಡೆಯ ಬೆಲೆಯನ್ನು ತುಳುವಿನಲ್ಲೇ ಕೇಳಿ, ಮೀನಿನವಳು ತಿರುಗಿ ತುಳುವಿನಲ್ಲೇ ಬೈದಾಗ, ಯಾರೋ ಹಾರ ಹಾಕಿದಷ್ಟು ಸಂತೋಷವಾಯಿತು.

ಕೆಲಸದಲ್ಲೂ ಅಲ್ಲಿಗೂ ಇಲ್ಲಿಗೂ ಅಜಗಜಾಂತರ. ರಕ್ತವನ್ನು ಮೊದಲು ತಣ್ಣೀರಲ್ಲೇ ಬಿಡಿಸಬೇಕು, ಬಿಸಿನೀರು ತಾಗಿದರೆ ಹೆಪ್ಪುಗಟ್ಟಿ ಕಚ್ಚಿಕೊಳ್ಳುತ್ತದೆ. ಕತ್ತರಿಯ ಬಾಯಿ ಬಿಡಿಸಿ ಕೀಲಿನ ಸಂದಿ ಉಜ್ಜಬೇಕು. ಇದೆಲ್ಲ ಎರಡೂ ಕಡೆ ಒಂದೇ. ಆದರೆ ನಮ್ಮ ಬೋರ್‌ವೆಲ್ಲಿನ ಗಡಸು ನೀರಿಗೆ ಚಿಮಟಗಳ ಕೀಲಿನಲ್ಲಿ ಬಿಳಿ ಉಪ್ಪು ಕೂರುತ್ತಿತ್ತು. ಇಲ್ಲಿಯ ನೀರಿಗೆ ಅವು ಹೊಸ ಪಾತ್ರೆಯಂತೆ ಹೊಳೆಯುತ್ತವೆ. ಎಂಥಾ ಸುಖದ ಸೀಮೆ ಎಂದುಕೊಂಡೆ. ಈ ಸೀಮೆ ನೀರನ್ನು ನಲ್ಲಿಯಲ್ಲಷ್ಟೇ ಅಲ್ಲ, ಗಾಳಿಯಲ್ಲೂ ಇಟ್ಟುಕೊಂಡಿದೆಯೆಂದು ಗೊತ್ತಾದದ್ದು ಜೂನಿನಲ್ಲಿ.

ಮಳೆ ಹಿಡಿದಿತ್ತು. ಆ ಬೆಳಿಗ್ಗೆ ಅರಂತೋಡಿನ ಒಬ್ಬ ಹಿರಿಯರಿಗೆ ಹರ್ನಿಯಾ ಆಪರೇಷನ್. ಅವರನ್ನು ಥಿಯೇಟರಿನೊಳಗೆ ಕರೆತಂದಿದ್ದರು, ಮಂಪರಿನ ಇಂಜೆಕ್ಷನ್ ಇನ್ನೂ ಕೊಟ್ಟಿರಲಿಲ್ಲ. ನಾನು ಆಟೋಕ್ಲೇವ್ ತೆರೆದು ಬಿಸಿ ಕಟ್ಟುಗಳನ್ನೆಲ್ಲ, ಮಧುಗಿರಿಯಲ್ಲಿ ಮಾಡುತ್ತಿದ್ದ ಹಾಗೆಯೇ, ಕಪ್ಪು ಕಲ್ಲಿನ ಕಟ್ಟೆಯ ಮೇಲೆ ಸಾಲಾಗಿ ಇಟ್ಟೆ. ಅಲ್ಲಿ ಒಂದು ಲೋಟ ಕಾಫಿ ಕುಡಿಯುವುದರೊಳಗೆ ಗರಿಗರಿ ಒಣಗುತ್ತಿದ್ದವು.

ಕಿಂಡಿಯಿಂದ ಸಿಸ್ಟರ್ ಕೈ ಚಾಚಿದರು. "ಎಂತ ಭಾಗ್ಯ, ಒಣಸ್ ಆಂಡಾ?"

ಹರ್ನಿಯಾದ ಕಟ್ಟನ್ನು ಎತ್ತಿದೆ. ಅಡಿಯಲ್ಲಿಟ್ಟ ಅಂಗೈಗೆ ತಣ್ಣಗೆ, ಒದ್ದೆಯಾಗಿ ತಾಗಿತು. ಅಂಟಿಸಿದ್ದ ಟೇಪಿನ ಗೆರೆಗಳು ಕಪ್ಪಾಗಿದ್ದವು. ಎಂದರೆ ಕಟ್ಟಿಗೆ ಆವಿಯ ಬಿಸಿ ತಾಗಿದೆ, ನೋಡಿದವರಿಗೆ ಏನೂ ಊನವಿಲ್ಲ. ಆದರೆ ನೆನೆದ ಬಟ್ಟೆಯ ಮೂಲಕ ಹೊರಗಿನ ಕ್ರಿಮಿ ಒಳಗೆ ಇಳಿಯುತ್ತದೆ. ನೆನೆದ ಕಟ್ಟು ಕುದಿಸದ ಕಟ್ಟಿಗೆ ಸಮ.

"ಹಸಿ ಐತೆ ಸಿಸ್ಟರ್," ಎಂದೆ.

ಥಿಯೇಟರಿನೊಳಗೆ ಯಾರೋ ಕಿಸಕ್ಕನೆ ನಕ್ಕರು. "ಇದು ಮುಗಿದ ಮೇಲೆ ಒಟ್ಟಿಗೆ ಉಣ್ಣುವ, ಈಗ ಕೊಡು ಕೊಡು," ಎಂದು ಸಿಸ್ಟರ್ ಕಟ್ಟಿನ ತುದಿ ಹಿಡಿದರು.

ನನ್ನ ಕೆಲಸದ ತೀರ್ಮಾನ ಅದೇ ವಾರ ಆಗಬೇಕಿತ್ತು. ಬಿಟ್ಟಿದ್ದರೆ ಕಟ್ಟು ಒಳಗೆ ಹೋಗುತ್ತಿತ್ತು, ತೆರೆಯುವ ಹೊತ್ತಿಗೆ ಅಡಿಯ ಬಟ್ಟೆ ಆರಿಯೂ ಇರುತ್ತಿತ್ತೇನೋ, ನನ್ನ ತಪ್ಪು ಯಾರಿಗೂ ತಿಳಿಯುತ್ತಿರಲಿಲ್ಲ. ನಾನು ಬಿಡಲಿಲ್ಲ. ಅತ್ತ ಅವರು, ಇತ್ತ ನಾನು ಎಳೆದೆವು. "ತಮಾಷೆ ಅಲ್ಲ ಸಿಸ್ಟರ್" ಎಂದರೂ ಅವರ ಮುಖದಲ್ಲಿ ನಗು ಹಾಗೇ ಇತ್ತು.

"ಚಂಡಿ ಸಿಸ್ಟರ್! ಚಂಡಿ ಉಂಟು!" ಎಂದು ಕಿರುಚಿದೆ.

ಬಿಸಿ ತಾಗಿದವರಂತೆ ಅವರು ಕೈ ಹಿಂತೆಗೆದರು. ತೊಟ್ಟಿಯ ಬಳಿ ಲೀಲಕ್ಕನ ಬ್ರಷ್ಷಿನ ಸದ್ದು ನಿಂತಿತು. ಓಡಿಬಂದು ಒಂದೊಂದೇ ಕಟ್ಟನ್ನು ಮಗುಚಿ ನೋಡಿದರು. ಕಲ್ಲಿನ ಮೇಲಿದ್ದವೆಲ್ಲ ಅಡಿಯಲ್ಲಿ ಬೆವೆತಿದ್ದವು. ಬದಲಿ ಕಟ್ಟು ಒಂದೂ ಇರಲಿಲ್ಲ.

"ಮತ್ತೆ ಹಾಕಿ," ಎಂದರು ಸಿಸ್ಟರ್, ಅಷ್ಟೇ. ಒಳಗೆ ಡಾಕ್ಟರು ದನಿ ಏರಿಸಿದ್ದು ಕೇಳಿಸಿತು. ಹಿರಿಯರನ್ನು ವಾರ್ಡಿಗೆ ವಾಪಸು ಕಳಿಸಿದರು. "ಹಾಗಾದ್ರೆ ನನಗೆ ಒಂದು ಚಾಯ ಕುಡಿಬಹುದಾ?" ಎಂದು ಅವರು ಕೇಳುತ್ತ ಹೋದರು. ಖಾಲಿಹೊಟ್ಟೆಯಲ್ಲಿರಬೇಕಾದವರು, ಪಾಪ, ಅವರಿಗೆ ಅದೂ ಸಿಗಲಿಲ್ಲ.

ಬಟ್ಟೆಗಳನ್ನೆಲ್ಲ ಬದಲಿಸಿ ಹೊಸದಾಗಿ ಕಟ್ಟುವಾಗ ನನ್ನ ಕಣ್ಣು ತುಂಬಿತ್ತು. ಮಗಳ ಶಾಲೆ ಹೋಯಿತು ಎಂದುಕೊಂಡೆ. ಲೀಲಕ್ಕ ಮೊಣಕೈಯಿಂದ ತಿವಿದರು.

"ಇದು ನಿಮ್ಮ ಮಧುಗಿರಿ ಅಲ್ಲ ಮಾರಾಯ್ತಿ. ಮಳೆಗಾಲದಲ್ಲಿ ಇಲ್ಲಿ ಡಬ್ಬದ ಒಳಗಿನ ಹಪ್ಪಳವೇ ಮೆತ್ತಗಾಗುದು. ತಣ್ಣನೆ ಕಲ್ಲಿನ ಮೇಲೆ ಬಿಸಿ ಕಟ್ಟು ಇಟ್ರೆ ಅದು ಬೆವರದೆ ಎಂತ ಮಾಡುದು? ಆಟೋಕ್ಲೇವಿನ ಬಾಗಿಲು ಸ್ವಲ್ಪ ತೆರೆದು ಆರುವ ತನಕ ಒಳಗೇ ಬಿಡು, ಮತ್ತೆ ತಂತಿಯ ಸ್ಟ್ಯಾಂಡಿನಲ್ಲಿ ಇಡು. ಅಳುದು ಬೇಡ. ಅಳ್ಲಿಕ್ಕೆ ಹೊರಗೆ ಮಳೆ ಉಂಟಲ್ಲ."

ಆ ಹಿರಿಯರ ಆಪರೇಷನ್ ಮಧ್ಯಾಹ್ನದ ಮೇಲೆ ಆಯಿತು. ಕೆಲವು ದಿನಗಳಲ್ಲಿ ಅವರು ನಡೆದುಕೊಂಡೇ ಮನೆಗೆ ಹೋದರು.

ವಾರದ ಕೊನೆಗೆ ಸಿಸ್ಟರ್ ಕರೆದರು. ಪೆಟ್ಟಿಗೆ ಕಟ್ಟುವುದನ್ನೇ ಯೋಚಿಸುತ್ತ ಹೋಗಿ ನಿಂತೆ.

"ಕಲ್ಲಿನ ಮೇಲೆ ಇಟ್ಟದ್ದು ನಿನ್ನ ತಪ್ಪು," ಎಂದರು. "ಆದ್ರೆ ಅವತ್ತು ನೀನು ಆಯ್ತು ಅಂದಿದ್ರೆ ನಾನು ಕೊಂಡುಹೋಗ್ತಿದ್ದೆ. ಇನ್ನು ಈ ಕೋಣೆಯಲ್ಲಿ ಊಟದ ತಮಾಷೆ ಬೇಡ, ಆಯ್ತಾ? ನಾನೂ ಮಾಡುದಿಲ್ಲ." ಬಾಗಿಲ ತನಕ ಹೋದವಳನ್ನು ಮತ್ತೆ ಕೂಗಿದರು. "ಮಗಳನ್ನು ಯಾವಾಗ ಕರ್ಕೊಂಡು ಬರುದು? ಶಾಲೆ ಶುರುವಾಗಿ ಆಯ್ತಲ್ಲ!"

ಸಿಂಚನ ಬಂದಳು. ಮೊದಲು ಕೊಡೆ ಹಿಡಿಯಲು ಕಲಿತಳು, ಆಮೇಲೆ ತುಳು ಕಲಿತಳು. ಈಗ ನನ್ನ ತುಳುವನ್ನು ತಿದ್ದುತ್ತಾಳೆ.

ದಸರಾ ರಜೆಗೆ ಇಬ್ಬರೂ ಊರಿಗೆ ಹೋದೆವು. ಎರಡನೆಯ ದಿನ ಜಗಲಿಯಲ್ಲಿ ಕೂತು ಅಮ್ಮ ಕಡಲೆಕಾಯಿ ಬಿಡಿಸುತ್ತಿದ್ದಳು. ಸಿಂಚನ ಅವಳ ತೊಡೆಯ ಮೇಲೆ ಒರಗಿಕೊಂಡೇ ಕೇಳಿದಳು: "ಅಮ್ಮ, ನಾವು ಮನೆಗೆ ಹೋಗುದು ಯಾವಾಗ?"

"ಮನೇಲೇ ಅಲ್ವೇನೇ ಇರೋದು?" ಎಂದಳು ನನ್ನಮ್ಮ.

ಸಿಂಚನ ನನ್ನ ಮುಖ ನೋಡಿದಳು. ನಾನು ಕಡಲೆಕಾಯಿ ಬಿಡಿಸುತ್ತ, "ಭಾನುವಾರ" ಎಂದೆ.

ಭಾನುವಾರ ಬಸ್ ಹತ್ತಿಸಲು ಅಮ್ಮನೇ ಬಂದಳು. ಚೀಲವನ್ನು ಸೀಟಿನ ಕೆಳಗೆ ತಳ್ಳಿ, ಕೆಳಗಿಳಿದು, ಕಿಟಕಿಯ ಸರಳು ಹಿಡಿದುಕೊಂಡು ನಿಂತಳು. ಬಸ್ಸು ಹೊರಟಾಗ, "ಮನೆ ಮುಟ್ಟಿದ ತಕ್ಷಣ ಫೋನ್ ಮಾಡ್ರೇ" ಎಂದಳು.